ಡಿಸ್ಚಾರ್ಜ್ ಚೀಟಿಯಲ್ಲಿ ಟ್ರಮಡಾಲ್ ಇರಬೇಕೆ?

ಪ್ರಾಸ್ಟೇಟ್ ಗ್ರಂಥಿ 80–100 ಗ್ರಾಂ ದಾಟಿ ಬೆಳೆದವರಿಗೆ ರೋಬೋಟಿಕ್ ಶಸ್ತ್ರಚಿಕಿತ್ಸೆ ಈಗ ಒಂದು ದಾರಿ. ಬೆಂಗಳೂರಿನ ಹೆಬ್ಬಾಳ, ಯಶವಂತಪುರದ ಕಡೆಯ ಆಸ್ಪತ್ರೆಗಳಲ್ಲಿ ಆಪರೇಷನ್ ಮುಗಿಸಿಕೊಂಡು, ಕೆಲವೇ ದಿನಗಳಲ್ಲಿ ಮೂತ್ರದ ಪೈಪು, ಯೂರಿನ್ ಬ್ಯಾಗಿನ ಸಮೇತ ಮನೆಗೆ ಹೊರಡುವ ಹಿರಿಯರ ಕೈಗೆ ಟ್ರಮಡಾಲ್ ಎಂಬ ಬಲವಾದ ನೋವುನಿವಾರಕ ಮಾತ್ರೆಯನ್ನೂ ಕೊಟ್ಟು ಕಳಿಸಬೇಕೆ?

ಪರ: ನಾಲ್ಕು ಮಾತ್ರೆ ಇರಲಿ

ರೋಬೋ ಅಂದಾಕ್ಷಣ ನೋವೇ ಇಲ್ಲ ಅಂದುಕೊಳ್ಳುವವರು ಬಹಳ. ಹೊಟ್ಟೆಯ ಮೇಲೆ ಐದಾರು ಸಣ್ಣ ತೂತು, ನಿಜ. ಒಳಗೆ ಮಾತ್ರ ಗಡ್ಡೆಯನ್ನು ಬಿಡಿಸಿ ತೆಗೆದಿರುತ್ತಾರೆ, ಅದನ್ನು ಹೊರತರಲು ಒಂದು ತೂತನ್ನು ಹಿಗ್ಗಿಸಿರುತ್ತಾರೆ. ಕಿಬ್ಬೊಟ್ಟೆ ಕೊಯ್ದು ಮೂತ್ರಕೋಶದ ಮೂಲಕ ಗಡ್ಡೆ ತೆಗೆಯುವುದನ್ನು 1900ರ ಆಸುಪಾಸಿನಲ್ಲಿ ಹೆಸರಿಗೆ ತಂದವರು ಶಸ್ತ್ರವೈದ್ಯ ಪೀಟರ್ ಫ್ರೇಯರ್. ರೋಬೋ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ, ದಾರಿ ಕಿರಿದಾಗಿದೆ ಅಷ್ಟೆ.

ಹೆಬ್ಬಾಳದ ಆಸ್ಪತ್ರೆಗೆ ಬರುವವರೆಲ್ಲ ಹತ್ತಿರದ ಆರ್.ಟಿ. ನಗರದವರಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಹಿಂದೂಪುರದಿಂದಲೂ ಬರುತ್ತಾರೆ. ಅಂಥವರಿಗೆ ರಾತ್ರಿ ಎರಡು ಗಂಟೆಗೆ ನೋವು ಎದ್ದರೆ? 2018ರಲ್ಲಿ ಟ್ರಮಡಾಲ್ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂತು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವ ಹಾಗಿಲ್ಲ. ನಮ್ಮ ಹಿರಿಯರೋ, ನೋವು ಅನ್ನಲು ನಾಚಿ ಹಾಸಿಗೆ ಹಿಡಿಯುವವರು. ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ನಾಲ್ಕು ಮಾತ್ರೆಗೆ ಯಾರೂ ವ್ಯಸನಿಯಾಗುವುದಿಲ್ಲ.

ವಿರೋಧ: ಯಾವ ನೋವಿಗೆ, ಮೊದಲು ಹೇಳಿ

ಮನೆಗೆ ಬಂದ ಮೇಲೆ ಕಾಡುವುದು ಬಹುಪಾಲು ಗಾಯದ ನೋವಲ್ಲ, ಪೈಪಿನದು. ಮೂತ್ರಕೋಶ ಪೈಪನ್ನು ಹೊರದಬ್ಬಲು ಹಿಂಡಿಕೊಳ್ಳುತ್ತದೆ: ತಡೆಯಲಾರದ ಮೂತ್ರದ ಒತ್ತಡ, ಕೆಳಹೊಟ್ಟೆ ಕಿವುಚಿದಂತೆ, ಪೈಪಿನ ಪಕ್ಕದಲ್ಲೇ ಸೋರಿಕೆ. ಈ ಸೆಳೆತಕ್ಕೆ ಟ್ರಮಡಾಲ್ ಸರಿಯಾದ ಮದ್ದಲ್ಲ. ಸೊಲಿಫೆನಾಸಿನ್, ಆಕ್ಸಿಬ್ಯುಟಿನಿನ್‌ನಂಥ, ಮೂತ್ರಕೋಶವನ್ನು ಸಡಿಲಿಸುವ ಮಾತ್ರೆ ಬೇಕು; ಅದನ್ನೂ ಪೈಪು ತೆಗೆಯುವ ಮುನ್ನ ವೈದ್ಯರು ಹೇಳಿದ ದಿನ ನಿಲ್ಲಿಸಬೇಕು. ಬ್ಯಾಗಿಗೆ ಮೂತ್ರ ಬರುವುದೇ ನಿಂತು ಹೊಟ್ಟೆ ಬಿಗಿದರೆ ಪೈಪು ಮಡಚಿದೆಯೋ, ರಕ್ತದ ಗರಣೆ ಸಿಕ್ಕಿದೆಯೋ ನೋಡಿಸಬೇಕು. ಆ ಹೊತ್ತಿಗೆ ಮಾತ್ರೆ ನುಂಗಿಸಿ ಮಲಗಿಸುವುದು ಅಪಾಯ.

ಇನ್ನು ಟ್ರಮಡಾಲ್‌ನ ಗುಣ. ತಲೆ ಸುತ್ತು, ವಾಕರಿಕೆ, ಮುಖ್ಯವಾಗಿ ಮಲಬದ್ಧತೆ. ಈ ಆಪರೇಷನ್ ಆದವರು ತಿಣುಕಲೇಬಾರದು, ತಿಣುಕಿದರೆ ಮೂತ್ರ ಮತ್ತೆ ಕೆಂಪಾಗಬಹುದು. ಪೈಪು ತೆಗೆದ ಮೇಲೂ ಈ ಮಾತ್ರೆ ಮುಂದುವರಿದರೆ ಮೂತ್ರ ಕಟ್ಟಬಹುದು. ಯಾವ ಕಾಟಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿದ್ದೋ ಅದೇ ಕಾಟ!

ಪ್ಯಾರಾಸಿಟಮಾಲ್ ಸಾಕು ಅಂದರೆ ಮನೆಯವರಿಗೆ ಮುಖಭಂಗ. ಡೋಲೋ 650 ಅಂದರೆ ಅದೇ. ಕೊರೊನಾ ಕಾಲದಲ್ಲಿ ಅದನ್ನು ನಗೆಪಾಟಲು ಮಾಡಿದ್ದಕ್ಕೋ ಏನೋ, ಜ್ವರದ ಮಾತ್ರೆ ಅನ್ನುವ ತಾತ್ಸಾರ. ನೋವು ಬಂದಾಗ ಒಂದು ನುಂಗಿದರೆ ಅದು ಸೋಲುತ್ತದೆ. 650 ಮಿ.ಗ್ರಾಂ ಮಾತ್ರೆಯನ್ನು ಆರು ಗಂಟೆಗೊಮ್ಮೆ ತಪ್ಪದೆ ಮೂರು ದಿನ ಕೊಟ್ಟು ನೋಡಿ. ದಿನಕ್ಕೆ 2.6 ಗ್ರಾಂ ಆಯಿತು, ಹಿರಿಯರಿಗೆ ಸಾಮಾನ್ಯವಾಗಿ ಹೇಳುವ 3 ಗ್ರಾಂ ಮಿತಿಯೊಳಗೇ. ಲಿವರ್ ತೊಂದರೆ ಇದ್ದವರ ಲೆಕ್ಕ ಮಾತ್ರ ಬೇರೆ.

ನನ್ನ ನಿಜವಾದ ಭಯ ಟ್ರಮಡಾಲ್ ಕೂಡ ಅಲ್ಲ. ಮಂಡಿನೋವಿಗೆಂದು ಯಲಹಂಕದ ಯಾವುದೋ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಶೀಟು ಮನೆಯಲ್ಲಿ ಇದ್ದೇ ಇರುತ್ತದೆ. ಅಳಿಯ ಪ್ರೀತಿಯಿಂದ, "ಮಾವ, ಇದನ್ನೂ ಒಂದು ತಗೊಳ್ಳಿ" ಅನ್ನುತ್ತಾನೆ. ವರ್ಷಗಟ್ಟಲೆ ಮೂತ್ರ ತಡೆದು ಕಿಡ್ನಿ ಮೊದಲೇ ಬಳಲಿರಬಹುದು. ಜೊತೆಗೆ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ. ಅದರ ಮೇಲೆ ಡೈಕ್ಲೋಫೆನಾಕ್ ಬಿದ್ದರೆ ಕ್ರಿಯಾಟಿನಿನ್ ಏರಿ ಕಿಡ್ನಿ ಕೆಡುವ ಭಯವಿದೆ.

ಪರ ವಾದಿಸುವವರ ಮರುಮಾತು

ಸೆಳೆತದ ಮಾತು ಒಪ್ಪಿದೆ, ಡೈಕ್ಲೋಫೆನಾಕಿನದೂ. ಆದರೆ ಮನೆಯಲ್ಲಿರುವ ಆ ಶೀಟಿಗೆ ಕೈ ಹೋಗುವುದೇ ಚೀಟಿಯಲ್ಲಿ ಬೇರೇನೂ ಇಲ್ಲದಾಗ. ಪ್ಯಾರಾಸಿಟಮಾಲ್ ಗಂಟೆಗೆ ಸರಿಯಾಗಿ ನಡೆಯಲಿ, ಸೆಳೆತದ ಮಾತ್ರೆ ಇರಲಿ, ಮಲ ಸಡಿಲಿಸುವ ಔಷಧಿಯೂ ಇರಲಿ. ಟ್ರಮಡಾಲ್ ನಾಲ್ಕೇ ಬರೆಯಿರಿ, ಮೇಲೆ "ಫೋನ್ ಮಾಡಿ ಕೇಳಿದ ನಂತರ" ಎಂದು ಕನ್ನಡದಲ್ಲೇ ಬರೆಯಿರಿ. ಗೌರಿಬಿದನೂರಿನಿಂದ ನಡುರಾತ್ರಿ ಬರುವ ಆ ಫೋನನ್ನು ಎತ್ತುವವರು ಯಾರು ಅನ್ನುವುದನ್ನು ಡಿಸ್ಚಾರ್ಜ್‌ಗೆ ಮೊದಲೇ ಆಸ್ಪತ್ರೆ ಹೇಳಿಬಿಡಲಿ.