ಬಡವನ ಆಸೆಯ ಮೇಲೆ ತೆರಿಗೆ



ಸರ್ಕಾರವೇ ಜೂಜು ನಡೆಸಿದರೆ ನಾಡಿಗೆ ಲಾಭವೋ ನಷ್ಟವೋ? ಹಣಕಾಸು ಬಲ್ಲವರು ಈ ಪ್ರಶ್ನೆ ಕೇಳುತ್ತಾರೆ, ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ನಷ್ಟ ಹೊತ್ತವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನು ನಾವೇ ಹಾಕೋಣ.

ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೇರಳ ಸರ್ಕಾರ 1967ರಲ್ಲಿ ಲಾಟರಿಗೆಂದೇ ಇಲಾಖೆ ತೆರೆಯಿತು. ಒಂದು ರೂಪಾಯಿ ಟಿಕೇಟು, 50,000 ರೂಪಾಯಿ ಮೊದಲ ಬಹುಮಾನ. ಇವತ್ತೂ ಅಲ್ಲಿ ಅಂಗವಿಕಲರು, ಮುದುಕರು ಟಿಕೇಟು ಮಾರಿ ಗಂಜಿ ಕುಡಿಯುತ್ತಾರೆ. ಲಾಟರಿ ದುಡ್ಡಿನಿಂದ ಬಡ ರೋಗಿಗಳಿಗೆ ನೆರವೂ ಸಿಕ್ಕಿದೆ. ಕದ್ದು ನಡೆಯುವ ಓಸಿ, ಮಟ್ಕಾದಲ್ಲಿ ಗೆದ್ದವನ ದುಡ್ಡಿಗೆ ಖಾತ್ರಿಯಿಲ್ಲ. ಸರ್ಕಾರಿ ಲಾಟರಿಯಲ್ಲಿ ಉಂಟು. ಇಷ್ಟು ನಿಜ.

ಆದರೆ ಆ ದುಡ್ಡು ಬಂದದ್ದು ಯಾರ ಜೇಬಿನಿಂದ? ನೂರು ಜನ ಕೂಲಿಕಾರರು ತಲಾ ಹತ್ತು ರೂಪಾಯಿ ಹಾಕಿದರು ಅನ್ನಿ. ಒಟ್ಟು ಸಾವಿರ. ಅದರಲ್ಲಿ ಆರುನೂರು ಬಹುಮಾನಕ್ಕೆ ಹೋಯಿತು ಅಂತಲೇ ಇಟ್ಟುಕೊಳ್ಳಿ. ಮಿಕ್ಕ ನಾನೂರು ಏಜೆಂಟರಿಗೆ, ಸರ್ಕಾರಕ್ಕೆ. ಒಬ್ಬ ಗೆದ್ದ, ತೊಂಬತ್ತೊಂಬತ್ತು ಜನ ಸೋತರು. ಗೆದ್ದವನ ಫೋಟೋ ಪೇಪರಿನಲ್ಲಿ ಬರುತ್ತದೆ. ಸೋತವರ ಮನೆಯ ತಣ್ಣನೆ ಒಲೆ ಬರುವುದಿಲ್ಲ. ಇಷ್ಟಾದರೂ ಹೊಸದಾಗಿ ಒಂದು ಸೇರು ರಾಗಿ ಬೆಳೆಯಲಿಲ್ಲ, ಒಂದು ಗಜ ಬಟ್ಟೆ ನೇಯಲಿಲ್ಲ. ಸಾಹುಕಾರನಿಗೆ ಹತ್ತು ರೂಪಾಯಿ ಲೆಕ್ಕವಲ್ಲ, ಕೂಲಿಯವನಿಗೆ ಅದು ಮಗುವಿನ ಹಾಲು. ಬಡವರಿಂದಲೇ ಕಿತ್ತು, ಅದರಲ್ಲೊಂದು ಚೂರು ಬಡವರಿಗೇ ಕೊಟ್ಟು, ಅದಕ್ಕೆ ಕಲ್ಯಾಣ ಕಾರ್ಯ ಅಂತ ಹೆಸರಿಡ್ತಾರೆ.

ನಮ್ಮ ನಾಡೂ ಇದರ ರುಚಿ ಕಂಡಿದೆ. ಒಂದಂಕಿ ಲಾಟರಿಯ ಕಾಲದಲ್ಲಿ ದಿನಗೂಲಿ ಮನೆಗೆ ಬರುವ ಮುಂಚೆಯೇ ಲಾಟರಿ ಅಂಗಡಿ ಸೇರುತ್ತಿತ್ತು. ಹೆಂಗಸರ ಓಲೆ, ಮನೆಯ ಪಾತ್ರೆ ಗಿರವಿಗೆ ಹೋದವು. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿ ನಿಲ್ಲಿಸಿತು. ಖಜಾನೆಗೆ ಖೋತಾ ಎಂದು ಕೆಲವರು ಮರುಗಿದರು. ಖಜಾನೆಯ ಖೋತಾ ಬಜೆಟ್ಟಿನಲ್ಲಿ ಕಾಣುತ್ತದೆ, ಗಿರವಿ ಅಂಗಡಿಯ ಚೀಟಿ ಕಾಣುವುದಿಲ್ಲ.

ಇನ್ನು ಕಾನೂನಿನ ಮಾತು. ಮರದ ಕೆಳಗೆ ಅಂದರ್ ಬಾಹರ್ ಆಡಿದ ಕೂಲಿಯವನಿಗೆ ಲಾಠಿ, ಲಾಕಪ್ಪು. ಕುದುರೆ ರೇಸಿಗೆ ಎಷ್ಟೋ ದಶಕಗಳ ಕಾಲ ಬೆಂಗಳೂರಿನ ನಡುಮಧ್ಯೆ ಎಕರೆಗಟ್ಟಲೆ ನೆಲ. ರೇಸು ಕುಶಲತೆಯ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2021ರಲ್ಲಿ ನಮ್ಮ ಸರ್ಕಾರ ಜೂಜಿನ ವಿರುದ್ಧ ಕಾನೂನು ಬಿಗಿ ಮಾಡಿದಾಗಲೂ ಕುದುರೆ ರೇಸನ್ನು ಹೊರಗಿಟ್ಟಿತು. ಹಗಲಿಡೀ ಬೆವರು ಸುರಿಸಿದವನಿಗೆ ಕುಶಲತೆ ಇಲ್ಲವಂತೆ, ಬೈನಾಕ್ಯುಲರ್ ಹಿಡಿದು ಕೂತವನಿಗೆ ಇದೆಯಂತೆ! ಹೆಂಡತಿಯನ್ನೇ ಪಣಕ್ಕಿಟ್ಟವನನ್ನು ಧರ್ಮರಾಯ ಎಂದು ಕರೆದ ದೇಶವಲ್ಲವೇ ಇದು?

ಆಮೇಲೆ ಜೂಜು ಮೊಬೈಲಿಗೂ ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಮಾಡಿತು. ಒಳ್ಳೆಯದೇ. ಆದರೆ ಬರೀ ನಿಷೇಧದಿಂದ ಆಸೆ ಸಾಯುವುದಿಲ್ಲ, ಅದು ಓಸಿಯವನ ಮನೆ ಹುಡುಕಿಕೊಂಡು ಹೋಗುತ್ತದೆ. ಮೂವತ್ತು ವರ್ಷ ಜೀತದ ಹಾಗೆ ದುಡಿದರೂ ಅರ್ಧ ಎಕರೆ ಕೊಳ್ಳಲಾಗದವನು ಟಿಕೇಟು ಕೊಳ್ಳುತ್ತಾನೆ. ಅವನನ್ನು ಸೋಮಾರಿ ಅನ್ನುವವರು ಅವನ ಕೂಲಿ ಎಷ್ಟೆಂದು ಮೊದಲು ಹೇಳಲಿ.

ಸಂಪತ್ತು ಸೋರಿಹೋಗುವ ಆರು ದಾರಿಗಳಲ್ಲಿ ಜೂಜೂ ಒಂದು ಎಂದು ಬುದ್ಧ ಸಿಗಾಲನಿಗೆ ಹೇಳಿದ್ದ. ಈ ಮಾತನ್ನು ನಾವು ಕೇರಿ ಕೇರಿಗೂ ಮುಟ್ಟಿಸಬೇಕು. ಸರ್ಕಾರಕ್ಕೆ ಮುಟ್ಟಿಸಬೇಕಾದದ್ದು ಬೇರೆ: ಖಜಾನೆ ತುಂಬಬೇಕಾದರೆ ಉಳ್ಳವರ ಆಸ್ತಿಗೆ ತೆರಿಗೆ ಹಾಕಿ. ನಮಗೆ ಭೂಮಿ ಕೊಡಿ, ಪೂರಾ ಕೂಲಿ ಕೊಡಿಸಿ, ಬಡ್ಡಿಯವನ ಕೈಗೆ ಸಿಕ್ಕದ ಸಾಲ ಕೊಡಿ. ನಮ್ಮದನ್ನೇ ನಮಗೆ ಬಹುಮಾನ ಎಂದು ಮಾರಬೇಡಿ.