ಕೊಳ್ಳೆಯಾದ ಮೇಲೆ ಕೋಟೆ ಬಾಗಿಲು

ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯುವ ಗಿರಣಿಯನ್ನು ಗೋಕಾಕ 1880ರ ದಶಕದಲ್ಲಿಯೇ ಕಂಡಿತ್ತು. ಅದೇ ಊರಿನ ಕುಶಲಕರ್ಮಿಗಳು ಹಗುರ ಮರವನ್ನು ಕೆತ್ತಿ, ಬಣ್ಣ ಬಳಿದು ರೂಪಿಸಿದ ಹಣ್ಣು, ತರಕಾರಿ, ಪ್ರಾಣಿ-ಪಕ್ಷಿಗಳ ಗೊಂಬೆಗಳು ನಾಡಿನಾದ್ಯಂತ ಹೆಸರಾಗಿದ್ದವು. ಇಂದು ಹುಕ್ಕೇರಿಯ ಸಂತೆಯಲ್ಲಾಗಲಿ, ಮೂಡಲಗಿಯ ಜಾತ್ರೆಯಲ್ಲಾಗಲಿ ಮಗುವಿನ ಕೈಗೆ ಸಿಗುವುದು ಪ್ಲಾಸ್ಟಿಕ್ ಆಟಿಕೆ. ಗೋಕಾಕದಲ್ಲಿ ಉಳಿ ಹಿಡಿಯುವ ಮನೆಗಳು ಕೆಲವೇ ಉಳಿದಿವೆ.

ಇದನ್ನು ಕಾಲದ ಮಹಿಮೆಯೆಂದು ಒಪ್ಪಲು ನಾವು ಸಿದ್ಧರಿಲ್ಲ. 2001ರ ಏಪ್ರಿಲ್ 1ರಂದು ಕೇಂದ್ರ ಸರಕಾರವು ಉಳಿದಿದ್ದ 715 ಸರಕುಗಳ ಆಮದು ಪ್ರಮಾಣದ ಮೇಲಿನ ನಿರ್ಬಂಧವನ್ನು ತೆಗೆದುಹಾಕಿತು. ಮುಂದಿನ ವರ್ಷಗಳಲ್ಲಿ ಚೀನಾದ ಅಗ್ಗದ ಆಟಿಕೆಗಳು ಮಾರುಕಟ್ಟೆಯನ್ನು ತುಂಬಿದವು. ಸರಕಾರ ಎಚ್ಚೆತ್ತದ್ದು 2020ರಲ್ಲಿ: ಆಟಿಕೆಗಳ ಆಮದು ಸುಂಕವು ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಗೆ ಬೇರೆ ನಿದರ್ಶನ ಬೇಕೇ? ಸುಂಕದ ಗೋಡೆಯು ಯಂತ್ರವುಳ್ಳ ಬಂಡವಾಳಿಗನಿಗೆ ನೆರಳಾದೀತು. ಮಗನಿಗೆ ಕಸುಬು ಕಲಿಸುವುದನ್ನೇ ನಿಲ್ಲಿಸಿದ ಬಡ ಗೊಂಬೆಗಾರನಿಗೆ ಅದರಿಂದ ಏನು ದಕ್ಕೀತು?

ಇದು ಗೊಂಬೆಯೊಂದರ ಕಥೆಯಲ್ಲ. 2014ರಲ್ಲಿ ಡೋಲು ಬಾರಿಸಿ ಆರಂಭಿಸಿದ ‘ಮೇಕ್ ಇನ್ ಇಂಡಿಯಾ’ ಯೋಜನೆಯು, 2022ರೊಳಗೆ ದೇಶದ ಉತ್ಪನ್ನದಲ್ಲಿ ತಯಾರಿಕಾ ಕ್ಷೇತ್ರದ ಪಾಲನ್ನು ಶೇ. 25ಕ್ಕೇರಿಸುವ ಮಾತು ಕೊಟ್ಟಿತ್ತು. ಗಡುವು ಮುಗಿಯಿತು, ಗುರಿ ದೂರವೇ ಉಳಿಯಿತು. ಇತ್ತ ಸರಕಾರದ್ದೇ ಶ್ರಮಬಲ ಸಮೀಕ್ಷೆಯ ಪ್ರಕಾರ, ಕೃಷಿಯನ್ನು ನೆಚ್ಚಿದ ದುಡಿಮೆಗಾರರ ಪಾಲು 2018-19ರ ಶೇ. 42.5ರಿಂದ 2023-24ರಲ್ಲಿ ಶೇ. 46.1ಕ್ಕೇರಿದೆ. ಬೆಳೆಯುವ ದೇಶದಲ್ಲಿ ಜನರು ಹೊಲದಿಂದ ಕಾರ್ಖಾನೆಗೆ ಸಾಗಬೇಕು; ಇಲ್ಲಿ ನಡಿಗೆ ಹಿಮ್ಮುಖವಾಗಿದೆ. ಕಬ್ಬು ಕಡಿಯುವ ಕೂಲಿಗೆ ಕೈಗಳು ಹೆಚ್ಚಿದಷ್ಟೂ ಕೂಲಿಯ ಬೆಲೆ ಕುಗ್ಗುತ್ತದೆ, ಸಾಲ ಬೆಳೆಯುತ್ತದೆ, ಮಕ್ಕಳ ಓದು ಅರ್ಧಕ್ಕೆ ನಿಲ್ಲುತ್ತದೆ.

ಸರಕಾರಕ್ಕೆ ಮನಸ್ಸಿದ್ದರೆ ದಾರಿಯಿದೆ. ಅಂಗನವಾಡಿಗಳಿಗೆ ಬೇಕಾದ ಆಟಿಕೆಗಳನ್ನು ಸ್ಥಳೀಯ ಕುಶಲಕರ್ಮಿಗಳಿಂದಲೇ ಖರೀದಿಸಲಿ. ಮರವನ್ನೂ ಬಡ್ಡಿಯಿಲ್ಲದ ಸಾಲವನ್ನೂ ಒದಗಿಸಲಿ. ಆದರೆ ಆಳುವವರನ್ನಷ್ಟೇ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ವೇದಿಕೆಯಲ್ಲಿ ಸ್ವದೇಶಿ ಮಂತ್ರ ಜಪಿಸಿ, ಅಂಗಡಿಯಲ್ಲಿ ಹತ್ತು ರೂಪಾಯಿ ಉಳಿತಾಯಕ್ಕಾಗಿ ನೆರೆಯವನ ಅನ್ನವನ್ನು ಮರೆಯುವವರು ನಾವೇ ಅಲ್ಲವೇ?