ಸಿಗುವುದು ಬೇರೆ, ಹೊಂದುವುದು ಬೇರೆ

ಯಲಹಂಕ ಉಪನಗರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಗಣಿತ ಒಲಿಯಲಿಲ್ಲ. ಆದರೆ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಕಿವಿ ಅವನದು. ಸಂಜೆ ವಾಯುವಿಹಾರ ಮುಗಿಸಿ ಅಲ್ಲಿ ಹತ್ತು ನಿಮಿಷ ಕುಳಿತು, ಅವನು ತರಿಸುವ ಅರ್ಧ ಲೋಟ ಕಾಫಿ ಕುಡಿದು ಬರುವುದು ನಿವೃತ್ತಿಯ ನಂತರ ನನಗೆ ಅಂಟಿದ ಅಭ್ಯಾಸ. ಕೆಲವು ದಿನಗಳ ಹಿಂದೆ ಹೋದಾಗ, ನೆಲಕ್ಕೆ ಅಂಟಿಕೊಂಡಂತಿದ್ದ ಎರಡೇ ಆಸನಗಳ ವಿದೇಶಿ ಸ್ಪೋರ್ಟ್ಸ್ ಕಾರೊಂದು ಅಲ್ಲಿ ಧೂಳು ಹಿಡಿದು ನಿಂತಿತ್ತು.

"ಎಬಿಎಸ್ ಮಾಡ್ಯೂಲ್ ಹೋಗಿದೆ ಸಾರ್. ಮೂರು ವಾರದಿಂದ ಹುಡುಕ್ತಾ ಇದೀನಿ" ಎಂದ.

"ಜೆ.ಸಿ. ರೋಡಿನಲ್ಲಿ ಸಿಗದ ಸಾಮಾನು ಯಾವುದಪ್ಪಾ?" ಎಂದೆ.

"ಸಿಗೋದು ಬೇರೆ ಸಾರ್, ಹೊಂದೋದು ಬೇರೆ."

ಅವನ ಈ ಮಾತು ಮನಸ್ಸಿನಲ್ಲಿ ಉಳಿಯಿತು. ವಿಜ್ಞಾನದ ಮೇಷ್ಟ್ರಾಗಿ ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಘರ್ಷಣೆಯ ಪಾಠ ಮಾಡಿದವನು. ಉರುಳುವ ಚಕ್ರಕ್ಕೆ ರಸ್ತೆಯ ಮೇಲಿರುವ ಹಿಡಿತ, ಬಿಗಿದು ಜಾರುವ ಚಕ್ರಕ್ಕೆ ಇರುವುದಿಲ್ಲ. ಚಕ್ರ ಜಾರತೊಡಗಿತೆಂದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಎಬಿಎಸ್ ಎಂಬುದು ಈ ಸರಳ ಸತ್ಯದ ಮೇಲೆ ಕಟ್ಟಿದ ಯಂತ್ರ. ನಾಲ್ಕು ಚಕ್ರಗಳ ವೇಗವನ್ನು ಅಳೆಯುವ ಸಂವೇದಕಗಳು, ಬ್ರೇಕ್ ಎಣ್ಣೆಯ ಒತ್ತಡವನ್ನು ಕ್ಷಣದಲ್ಲಿ ಹಲವು ಬಾರಿ ಬಿಟ್ಟುಹಿಡಿಯುವ ಕವಾಟಗಳು, ಒಂದು ಪುಟ್ಟ ಪಂಪು, ಇವಕ್ಕೆಲ್ಲ ಆಜ್ಞೆ ಕೊಡುವ ಅಂಗೈಯಗಲದ ಒಂದು ಪೆಟ್ಟಿಗೆ. 1978ರಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಎಬಿಎಸ್ ಮರ್ಸಿಡಿಸ್ ಕಾರುಗಳಲ್ಲಿ ಕಾಣಿಸಿಕೊಂಡಾಗ ಅದು ಸಿರಿವಂತರ ಸೌಕರ್ಯವಾಗಿತ್ತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸದಾಗಿ ಮಾರಾಟವಾಗುವ ಕಾರುಗಳಿಗೆಲ್ಲ ಅದು ಕಡ್ಡಾಯ. ಆದ್ದರಿಂದ ಇದನ್ನು ಯಾರೋ ಶ್ರೀಮಂತ ಯುವಕನ ಆಟಿಕೆಯ ಕಥೆಯೆಂದು ಓದುಗರು ತಳ್ಳಿಹಾಕಬಾರದೆಂದು ವಿನಂತಿ. ಇಂದು ಆ ಸ್ಪೋರ್ಟ್ಸ್ ಕಾರಿಗೆ ಬಂದದ್ದು, ಹತ್ತು ವರ್ಷ ಕಳೆದ ಮೇಲೆ ನಿಮ್ಮ ಮನೆಯ ಮುಂದಿನ ಪುಟ್ಟ ಕಾರಿಗೂ ಬರುತ್ತದೆ.

ಶಿಷ್ಯ ತನ್ನ ಮೂರು ವಾರಗಳ ಕಥೆ ಹೇಳಿದ. ಅಧಿಕೃತ ಸೇವಾಕೇಂದ್ರದವರು ಆ ಮಾದರಿ ನಿಂತುಹೋಗಿದೆ, ವಿದೇಶದಿಂದ ತರಿಸಬೇಕು, ಯಾವಾಗ ಬರುತ್ತದೆಂದು ಹೇಳಲಾಗದು ಎಂದರಂತೆ. ಹೇಳಿದ ಬೆಲೆಗೆ ಒಂದು ಸಾಧಾರಣ ಹಳೆಯ ಕಾರೇ ಬರುತ್ತಿತ್ತು. ಕೊನೆಗೆ ಗುಜರಿಯಿಂದ ಒಂದು ಪೆಟ್ಟಿಗೆ ಸಿಕ್ಕಿತು. ಅದೇ ಆಕಾರ, ಅದೇ ಪ್ಲಗ್ಗು, ಅದೇ ಸ್ಕ್ರೂ ತೂತುಗಳು. ಅಂಟಿಸಿದ ಚೀಟಿಯ ಮೇಲಿನ ಸಂಖ್ಯೆಯಲ್ಲಿ ಕೊನೆಯ ಒಂದು ಅಕ್ಷರ ಮಾತ್ರ ಬೇರೆ. "ಅವಳಿ ಮಕ್ಕಳ ಹಾಗಿದೆಯಲ್ಲಪ್ಪಾ!" ಎಂದೆ. ನಕ್ಕ. ಆ ಒಂದಕ್ಷರದ ಹಿಂದೆ ಕಾರಿನ ತೂಕ, ಚಕ್ರದ ಸುತ್ತಳತೆ, ಜಾರಿಕೆ ತಡೆಯುವ ಹೆಚ್ಚಿನ ವ್ಯವಸ್ಥೆ ಇದೆಯೋ ಇಲ್ಲವೋ ಎಂಬ ಲೆಕ್ಕವೆಲ್ಲ ಅಡಗಿರಬಹುದು. ಸಂಖ್ಯೆ ಪೂರ್ತಿ ಕೂಡಿದರೂ ಮುಗಿಯುವುದಿಲ್ಲ. ಎಷ್ಟೋ ಕಾರುಗಳಲ್ಲಿ ಪೆಟ್ಟಿಗೆಗೆ 'ನೀನು ಈಗ ಈ ಕಾರಿನವನು' ಎಂದು ಕಂಪ್ಯೂಟರಿನ ಮೂಲಕ ಹೇಳಬೇಕು. ಹಾಗೆ ಹೇಳುವ ತಂತ್ರಾಂಶ ತಯಾರಕರ ಕೈಯಲ್ಲಿದೆ. ಮದುವೆಗೆ ಜಾತಕವೂ ಕೂಡಬೇಕು, ಪುರೋಹಿತರೂ ಒಪ್ಪಬೇಕು!

ನನ್ನ ತಕರಾರು ಇರುವುದು ಇಲ್ಲಿಯೇ. ಕೊಂಡ ವಸ್ತು ನನ್ನದೆಂದ ಮೇಲೆ ಅದರ ಯಾವ ಭಾಗಕ್ಕೆ ಯಾವುದು ಹೊಂದುತ್ತದೆಂಬ ತಿಳಿವಳಿಕೆಯೂ ನನಗೆ ಸಲ್ಲಬೇಡವೇ? ಈ ಪ್ರಶ್ನೆ ಹೊಸದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತು. ವಿಷಯ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕಿ'ಗಾಗಿ ಜಾಲತಾಣವನ್ನೇ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಜಾಲತಾಣ ಕಾನೂನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲೇ ಜನರು ಮತ ಹಾಕಿ, ತಯಾರಕರ ಸ್ವಂತ ಸೇವಾಕೇಂದ್ರಗಳಿಗಿರುವ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ದೊರೆಯಬೇಕೆಂಬ ಕಾನೂನನ್ನು ಬೆಂಬಲಿಸಿದರು.

ತಯಾರಕರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬ್ರೇಕು ಆಟದ ವಸ್ತುವಲ್ಲ, ಅರೆಬರೆ ತಿಳಿದವರ ಕೈಗೆ ಸಿಗಬಾರದು ಎನ್ನುತ್ತಾರೆ. ಒಪ್ಪಿದೆ. ಆದರೆ ಬಾಗಿಲು ಮುಚ್ಚಿದರೆ ಆಗುವುದೇನು? ಕಾರಿನ ಯಜಮಾನ, ಸಾಫ್ಟ್‌ವೇರ್ ಉದ್ಯೋಗದ ಹುಡುಗ, ನಾನು ಅಲ್ಲಿರುವಾಗಲೇ ಬಂದ. ಭಾನುವಾರ ನಸುಕಿನಲ್ಲಿ ವಿಮಾನ ನಿಲ್ದಾಣದ ರಸ್ತೆ ಹಿಡಿದು ನಂದಿಬೆಟ್ಟಕ್ಕೆ ಹೋಗುವ ಗುಂಪಿನವನು. "ಆ ಲೈಟಿಗೆ ಒಂದು ಕಪ್ಪು ಟೇಪ್ ಅಂಟಿಸಿ ಕೊಟ್ಬಿಡಿ ಅಣ್ಣ, ಬ್ರೇಕ್ ಹಿಡಿಯುತ್ತಲ್ಲ" ಎಂದ! ಬ್ರೇಕೇನೋ ಹಿಡಿಯುತ್ತದೆ, ಎಬಿಎಸ್ ಕೆಟ್ಟರೂ ಸಾಧಾರಣವಾಗಿ ಮಾಮೂಲು ಬ್ರೇಕು ಉಳಿದಿರುತ್ತದೆ. ಆದರೆ ನಂದಿಬೆಟ್ಟದ ತಿರುವುಗಳಲ್ಲಿ ಮಂಜು, ತೇವ, ಎದುರಿಗೊಂದು ಸ್ಕೂಟರು. ತಡೆಯಲಾರದೆ ಬಾಯಿಬಿಟ್ಟೆ: "ಜ್ವರ ನೋಡುವ ಥರ್ಮಾಮೀಟರ್ ಒಡೆದರೆ ಜ್ವರ ಹೋಗುತ್ತದೇನಪ್ಪಾ?" ಹುಡುಗನಿಗೆ ಹಿಡಿಸಲಿಲ್ಲವೆಂದು ತೋರುತ್ತದೆ, ಮೊಬೈಲು ನೋಡತೊಡಗಿದ. ಹಳೆಯ ಕಾರು ಕೊಳ್ಳುವವರು ಗಮನಿಸಿ: ಕೀಲಿ ತಿರುಗಿಸಿದೊಡನೆ ಎಬಿಎಸ್ ದೀಪ ಒಮ್ಮೆ ಹತ್ತಿ ಆಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ಅದರ ಬಾಯಿ ಕಟ್ಟಿರಬಹುದು.

ಶಿಷ್ಯ ಟೇಪು ಅಂಟಿಸಲಿಲ್ಲ. ಗುಜರಿಯ ಪೆಟ್ಟಿಗೆಯನ್ನೂ ಕೂಡಿಸಲಿಲ್ಲ. "ಕಾರು ನಿಮ್ಮದು, ಕೈ ನನ್ನದು" ಎಂದನಷ್ಟೆ. ಕೆಟ್ಟ ಮೂಲ ಪೆಟ್ಟಿಗೆಯನ್ನೇ ಬಿಚ್ಚಿ, ಒಳಗಿನ ಬೆಸುಗೆಗಳನ್ನು ಸರಿಪಡಿಸುವವರಿಗೆ ಕಳುಹಿಸಿದ. ಇಂಥ ಪೆಟ್ಟಿಗೆಗಳಲ್ಲಿ ಬಿಸಿ ಮತ್ತು ಅದುರುವಿಕೆಯಿಂದ ಬೆಸುಗೆ ಬಿರುಕು ಬಿಡುವುದು ಸಾಮಾನ್ಯವಂತೆ. ಅದೇ ಕಾರಿನದಾದ್ದರಿಂದ ಜಾತಕದ ಗೊಡವೆಯೂ ಇಲ್ಲ. ಗಣಿತದಲ್ಲಿ ಅವನಿಗೆ ನಾನು ಎಷ್ಟು ಅಂಕ ಕೊಟ್ಟಿದ್ದೆನೋ ನೆನಪಿಲ್ಲ, ನೆನಪಾಗದಿರುವುದೇ ಒಳ್ಳೆಯದು.

ನಿನ್ನೆ ಸಂಜೆಯೂ ಹೋಗಿದ್ದೆ. ಪೆಟ್ಟಿಗೆ ಇನ್ನೂ ಬಂದಿಲ್ಲ. ಕಾರಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದ್ದಾನೆ. ಅದರ ಬಿಸಿಲಿಲ್ಲದ ಮಗ್ಗುಲಲ್ಲಿ ಬೀದಿಯ ನಾಯಿಯೊಂದು ಮಲಗಿತ್ತು.